ಒಂದು ತೀರ್ಪಿಗೆ ಒಂದು ಇಡೀ ಸಂಜೆ: ಕಾನೂನು ಪದವಿಯ ಮೊದಲ ಸೆಮಿಸ್ಟರಿನ ಚಿಂತೆಗಳು

ಪ್ರಶ್ನೆ: ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ರಾಜ್ಯದ ದೊಡ್ಡ ನಗರವೊಂದರಲ್ಲಿ ಐದು ವರ್ಷದ ಕಾನೂನು ಪದವಿಯ ಮೊದಲ ಸೆಮಿಸ್ಟರಿನಲ್ಲಿದ್ದೇನೆ. ನಮ್ಮ ಮನೆತನದಲ್ಲಿ ವಕೀಲರು ಯಾರೂ ಇಲ್ಲ, ಈ ಊರಿನಲ್ಲಿ ಪರಿಚಿತರೂ ಇಲ್ಲ. ಒಂದು ತೀರ್ಪು ಓದಲು ಇಡೀ ಸಂಜೆ ಬೇಕಾಗುತ್ತದೆ. ಓದಿ ಮುಗಿಸಿದ ಮೇಲೂ ನ್ಯಾಯಾಲಯ ಏನು ಹೇಳಿತು ಎಂದು ಯಾರಾದರೂ ಕೇಳಿದರೆ ಉತ್ತರಿಸಲಾಗುವುದಿಲ್ಲ. ಸಹಪಾಠಿಗಳು ಆಗಲೇ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ), ಇಂಟರ್ನ್‌ಶಿಪ್ ಎಂದು ಓಡಾಡುತ್ತಿದ್ದಾರೆ. ಸೀನಿಯರ್ ಒಬ್ಬರು ತಮ್ಮ ಹಳೆಯ ಪುಸ್ತಕಗಳನ್ನು ಕೊಟ್ಟಿದ್ದಾರೆ, ಅವು ಉಪಯೋಗಕ್ಕೆ ಬರುತ್ತವೆಯೋ ತಿಳಿಯದು. ಜ್ವರ ಬಂದು ಹಾಜರಾತಿ ಕಡಿಮೆಯಾಗಿದೆ. ಪಿ.ಜಿ. ಬದಲಿಸುತ್ತೇನೆಂದರೆ ಮಾಲೀಕರು ಅಡ್ವಾನ್ಸ್ ಹಣ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಕಾನೂನು ಓದುವವಳಾಗಿ ಇಷ್ಟಕ್ಕೂ ಉತ್ತರ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ಕೆಲವು ವಾರಗಳಿಂದ ಸರಿಯಾಗಿ ನಿದ್ದೆಯೂ ಇಲ್ಲ. ಇದನ್ನು ಬಿಟ್ಟು ಊರಿಗೆ ಹೋಗಿ ಬಿ.ಎ. ಮುಗಿಸಿ, ಆಮೇಲೆ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಓದಿನ ಚಿಂತೆ, ಈ ಊರಿನಲ್ಲಿ ಬದುಕುವ ಚಿಂತೆ, ಇತರರೊಂದಿಗೆ ಹೋಲಿಸಿಕೊಂಡು ಹುಟ್ಟಿದ ಚಿಂತೆ ಎಂಬ ಮೂರು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಸೇರಿಕೊಂಡಿವೆ. ಅವು ಒಟ್ಟಿಗೆ ಬಂದಾಗ ‘ಈ ಓದು ನನಗೆ ಹೇಳಿಸಿದ್ದಲ್ಲ’ ಎಂಬ ಒಂದೇ ತೀರ್ಮಾನದಂತೆ ಕಾಣುತ್ತವೆ. ಕೆಲವು ವರ್ಷ ವಕೀಲಿಕೆ ಮಾಡಿ ನಂತರ ಪಾಠಕ್ಕೆ ಬಂದ ನನಗೆ ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ ಇಂಥ ಮಾತು ಕೇಳಿಬರುತ್ತದೆ. ಆಂಗ್ಲ ಮಾಧ್ಯಮದಲ್ಲಿ ಓದಿ ಬಂದವರಿಂದಲೂ ಕೇಳಿಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತೀರ್ಪಿನ ವಿಷಯವೇ ಮುಖ್ಯವಾದ್ದರಿಂದ ಅಲ್ಲಿಂದ ಆರಂಭಿಸೋಣ. ನಿಮ್ಮ ತೊಡಕಿಗೆ ಭಾಷೆ ಒಂದು ಕಾರಣ ಹೌದು, ಆದರೆ ದೊಡ್ಡ ಕಾರಣ ಅದಲ್ಲ. ತೀರ್ಪನ್ನು ವಿದ್ಯಾರ್ಥಿಗಳಿಗಾಗಿ ಯಾರೂ ಬರೆಯುವುದಿಲ್ಲ. ಅದು ಎದುರಿಗಿರುವ ಕಕ್ಷಿದಾರರಿಗೆ, ಅವರ ವಕೀಲರಿಗೆ, ಮೇಲ್ಮನವಿ ಕೇಳಬಹುದಾದ ಮೇಲಿನ ನ್ಯಾಯಾಲಯಕ್ಕೆ ಬರೆದ ಬರಹ. ಆದ್ದರಿಂದ ಅದರಲ್ಲಿ ಮೊದಲು ಪ್ರಕರಣದ ಸಂಗತಿಗಳು, ಆಮೇಲೆ ಕೆಳಗಿನ ನ್ಯಾಯಾಲಯಗಳಲ್ಲಿ ನಡೆದದ್ದು, ನಂತರ ಎರಡೂ ಕಡೆಯ ವಕೀಲರ ವಾದ, ಅವರು ಉಲ್ಲೇಖಿಸಿದ ಹಳೆಯ ತೀರ್ಪುಗಳ ಉದ್ದುದ್ದ ಭಾಗಗಳು, ಇವೆಲ್ಲ ಮುಗಿದ ಮೇಲೆ ನ್ಯಾಯಾಲಯದ ಸ್ವಂತ ವಿಶ್ಲೇಷಣೆ, ಕೊನೆಯಲ್ಲಿ ಆದೇಶ ಬರುತ್ತವೆ. ಹೊಸ ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಹಿಡಿದು ಎಲ್ಲಕ್ಕೂ ಸಮನಾದ ಗಮನ ಕೊಡುತ್ತಾರೆ. ಸೋತ ಕಕ್ಷಿದಾರನ ವಕೀಲರ ವಾದವನ್ನು ನ್ಯಾಯಾಧೀಶರು ಪುಟಗಟ್ಟಲೆ ದಾಖಲಿಸಿದ್ದರೆ ಅದನ್ನೇ ಕಾನೂನು ಎಂದು ತಿಳಿದು ಅಡಿಗೆರೆ ಎಳೆಯುತ್ತಾರೆ. ಓದಿ ಮುಗಿಸಿದ ಮೇಲೂ ನ್ಯಾಯಾಲಯ ಏನು ಹೇಳಿತು ಎಂದು ಹೇಳಲಾಗದಿರುವುದಕ್ಕೆ ಬಹುಪಾಲು ಇದೇ ಕಾರಣ. ನಾನು ನೋಡಿದ ಉತ್ತರ ಪತ್ರಿಕೆಗಳಲ್ಲಿ ಅತ್ಯಂತ ಸಾಮಾನ್ಯವಾದ ದೋಷವೂ ಇದೇ, ಮತ್ತು ಅದಕ್ಕೂ ಇಂಗ್ಲಿಷಿಗೂ ಸಂಬಂಧವಿಲ್ಲ.

ಹಾಗಾಗಿ ತೀರ್ಪನ್ನು ಕೊನೆಯಿಂದ ಓದಲು ಆರಂಭಿಸಿ. ಮೊದಲು ಕೊನೆಯ ಪ್ಯಾರಾ ನೋಡಿ, ಅರ್ಜಿ ವಜಾ ಆಯಿತೇ, ಮಾನ್ಯವಾಯಿತೇ ಎಂದು ತಿಳಿದುಕೊಳ್ಳಿ. ಬಳಿಕ ಮೊದಲ ಪುಟಕ್ಕೆ ಬಂದು, ಯಾರು ಯಾರ ವಿರುದ್ಧ ಬಂದರು, ಏನನ್ನು ಕೇಳಿದರು, ಕೆಳಗಿನ ನ್ಯಾಯಾಲಯ ಏನು ಹೇಳಿತ್ತು ಎಂಬುದನ್ನು ಕನ್ನಡದಲ್ಲೇ ಎರಡು ಮೂರು ವಾಕ್ಯಗಳಲ್ಲಿ ಬರೆದುಕೊಳ್ಳಿ. ನಂತರ ನ್ಯಾಯಾಲಯ ಉತ್ತರಿಸಬೇಕಾಗಿದ್ದ ಪ್ರಶ್ನೆ ಯಾವುದು ಎಂಬುದನ್ನು ಹುಡುಕಿ. ಅದು ಸಿಕ್ಕ ಮೇಲೆ ವಕೀಲರ ವಾದದ ಪುಟಗಳನ್ನು ದಾಟಿ ನೇರವಾಗಿ ವಿಶ್ಲೇಷಣೆಗೆ ಹೋಗಿ. ಆ ಪ್ರಶ್ನೆಗೆ ಉತ್ತರ ಕೊಡಲು ಅನಿವಾರ್ಯವಾಗಿದ್ದ ಕಾರಣವೇ ಮುಂದಿನ ಪ್ರಕರಣಗಳಲ್ಲಿ ಬದ್ಧವಾಗುವ ಭಾಗ, ಅಂದರೆ ತರಗತಿಯಲ್ಲಿ ‘ರೇಷಿಯೊ’ ಎಂದು ಕೇಳುವುದು ಅದನ್ನೇ. ಪ್ರಸಂಗವಶಾತ್ ಹೇಳಿದ ಉಳಿದ ಮಾತುಗಳು ಎಷ್ಟೇ ಗಂಭೀರವಾಗಿದ್ದರೂ ಅವಕ್ಕೆ ಆ ಬಲವಿಲ್ಲ. ತೀರ್ಪುಗಳನ್ನು ಪ್ರಕಟಿಸುವ ಕಾನೂನು ವರದಿಗಳಲ್ಲಿ ತೀರ್ಪಿನ ಮೇಲೆ ಅಚ್ಚಾಗುವ ಹೆಡ್‌ನೋಟ್ ತೀರ್ಪಿನ ಭಾಗವಲ್ಲ, ಅದು ಸಂಪಾದಕರು ಮಾಡಿದ ಸಾರಾಂಶ ಎಂಬುದೂ ನೆನಪಿರಲಿ. ದಾರಿ ಹುಡುಕಲು ಅದನ್ನು ಬಳಸಬಹುದು, ಉಲ್ಲೇಖಿಸಬಾರದು.

ಯಾವ ತೀರ್ಪಿನಿಂದ ಆರಂಭಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಉತ್ಸಾಹದಲ್ಲಿ, ಸಂವಿಧಾನದ ಮೂಲ ಸ್ವರೂಪದ ಬಗೆಗಿನ ಕೇಶವಾನಂದ ಭಾರತಿ ಪ್ರಕರಣದ ಮೂಲವನ್ನೇ ತೆರೆದು ಎದೆಗುಂದಿದವರನ್ನು ನಾನು ಬಹಳ ನೋಡಿದ್ದೇನೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು ಅರ್ಜಿದಾರರಾಗಿದ್ದ ಆ ಪ್ರಕರಣ ಕನ್ನಡಿಗರಿಗೆ ಹತ್ತಿರದ್ದು ನಿಜ. ಆದರೆ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7:6 ಬಹುಮತದಲ್ಲಿ ಕೊಟ್ಟ ಆ ನಿರ್ಣಯದಲ್ಲಿ ಬೇರೆ ಬೇರೆ ಅಭಿಪ್ರಾಯಗಳು ಎಷ್ಟಿವೆಯೆಂದರೆ ಬಹುಮತ ಯಾವ ಮಾತಿಗೆ ಸಿಕ್ಕಿತು ಎಂಬುದನ್ನೇ ಪರಿಣತರು ಚರ್ಚಿಸುತ್ತಾರೆ. ಮೊದಲ ಸೆಮಿಸ್ಟರಿಗೆ ಅದಲ್ಲ. ಕರಾರು ಕಾನೂನಿನ ಪಾಠದಲ್ಲಿ ಬರುವ 1913ರ ಲಾಲ್‌ಮನ್ ಶುಕ್ಲಾ ಪ್ರಕರಣದಿಂದ ಆರಂಭಿಸಿ. ಕಾಣೆಯಾದ ಹುಡುಗನನ್ನು ಹುಡುಕಲು ಯಜಮಾನ ತನ್ನ ನೌಕರನನ್ನು ಕಳುಹಿಸುತ್ತಾನೆ. ಅವನು ಹೋದ ಮೇಲೆ, ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಬಹುಮಾನ ಎಂದು ಪ್ರಕಟಿಸುತ್ತಾನೆ. ಆ ಸುದ್ದಿ ತಿಳಿಯದೆಯೇ ನೌಕರ ಹುಡುಗನನ್ನು ಪತ್ತೆ ಮಾಡುತ್ತಾನೆ, ನಂತರ ಹಣ ಕೇಳುತ್ತಾನೆ. ಗೊತ್ತೇ ಇಲ್ಲದ ಪ್ರಸ್ತಾವವನ್ನು ಒಪ್ಪಿಕೊಂಡಂತಾಗುವುದು ಹೇಗೆ ಎಂಬುದೇ ಪ್ರಶ್ನೆ. ಅಲಹಾಬಾದ್ ಹೈಕೋರ್ಟ್ ಅವನ ಬೇಡಿಕೆಯನ್ನು ತಿರಸ್ಕರಿಸಿತು. ಸಂಗತಿ, ಪ್ರಶ್ನೆ, ಕಾರಣ, ಆದೇಶ ನಾಲ್ಕೂ ಕಣ್ಣಿಗೆ ಒಮ್ಮೆಲೇ ಕಾಣುವ ಇಂಥ ಚಿಕ್ಕ ತೀರ್ಪುಗಳು ಕೆಲವನ್ನು ಮುಗಿಸಿದರೆ ದೊಡ್ಡವುಗಳ ಕಟ್ಟಡ ತಾನಾಗಿ ತಿಳಿಯುತ್ತದೆ. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ, ಹಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಅನುವಾದವನ್ನು ಪ್ರಕರಣ ಅರ್ಥಮಾಡಿಕೊಳ್ಳಲು ಓದಿ, ಉಲ್ಲೇಖಕ್ಕೆ ಇಂಗ್ಲಿಷ್ ಮೂಲವನ್ನೇ ನೋಡಿ. ಅಧಿಕೃತ ಪಠ್ಯ ಅದೇ.

ಇನ್ನು ಕನ್ನಡ ಮಾಧ್ಯಮದ ಮಾತು. ಸಂವಿಧಾನದ 348ನೆಯ ವಿಧಿಯ ಪ್ರಕಾರ, ಸಂಸತ್ತು ಬೇರೆ ಏರ್ಪಾಡು ಮಾಡುವವರೆಗೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಕಲಾಪದ ಭಾಷೆ ಇಂಗ್ಲಿಷ್. ಆದ್ದರಿಂದ ಇಂಗ್ಲಿಷನ್ನು ತಪ್ಪಿಸಿಕೊಂಡು ಕಾನೂನು ಓದಬಹುದು ಎಂದು ನಾನು ಸುಳ್ಳು ಭರವಸೆ ಕೊಡಲಾರೆ. ಆದರೆ ಕನ್ನಡದಲ್ಲಿ ಓದಿದವರು ಹಿಂದೆ ಉಳಿಯುತ್ತಾರೆ ಎಂಬ ನಂಬಿಕೆ ಅರ್ಧ ಸತ್ಯವೂ ಅಲ್ಲ. ನಮ್ಮ ರಾಜ್ಯದ ವಿಚಾರಣಾ ನ್ಯಾಯಾಲಯಗಳಿಗೆ ಹೋಗಿ ನೋಡಿ: ಸಾಕ್ಷಿ ಮಾತನಾಡುವುದು ಕನ್ನಡದಲ್ಲಿ, ಪಾಟೀಸವಾಲು ನಡೆಯುವುದು ಕನ್ನಡದಲ್ಲಿ, ಕ್ರಯಪತ್ರ, ಪಹಣಿ, ಪಂಚನಾಮೆ, ದೋಷಾರೋಪ ಪಟ್ಟಿ ಎಲ್ಲವೂ ಬಹುಪಾಲು ಕನ್ನಡದಲ್ಲಿ. ಹಳೆಯ ಕ್ರಯಪತ್ರವೊಂದನ್ನು ಓದಿ ಅದರಲ್ಲಿನ ಚೆಕ್ಕುಬಂದಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ) ಅರ್ಥಮಾಡಿಕೊಳ್ಳಲಾಗದ ಕಿರಿಯ ವಕೀಲರು ಹಿರಿಯರ ಕಚೇರಿಗಳಲ್ಲಿ ಪರದಾಡುವುದನ್ನು ನಾನು ಕಂಡಿದ್ದೇನೆ. ನಿಮಗೆ ಆ ತೊಂದರೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ನಿಮಗೆ ಈಗ ಬೇಕಾಗಿರುವುದು ನಿರರ್ಗಳ ಮಾತುಗಾರಿಕೆಯಲ್ಲ. ‘ಸಬ್ಜೆಕ್ಟ್ ಟು’ (ಇದಕ್ಕೆ ಒಳಪಟ್ಟು), ‘ನಾಟ್‌ವಿತ್‌ಸ್ಟ್ಯಾಂಡಿಂಗ್’ (ಏನೇ ಹೇಳಿದ್ದರೂ), ‘ಪ್ರೊವೈಡೆಡ್ ದಟ್’ (ಈ ಷರತ್ತಿನ ಮೇಲೆ) ಎಂಬಂಥ ಕೊಂಡಿ ಪದಗಳು ಒಂದು ಕಲಮಿನಲ್ಲಿ ಯಾವುದನ್ನು ಯಾವುದಕ್ಕೆ ಅಧೀನ ಮಾಡುತ್ತವೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಗೈಡುಗಳಿಗಿಂತ ಬೇರ್ ಆಕ್ಟ್, ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಮೂಲ ಪಠ್ಯ, ಉತ್ತಮ. ದಿನಕ್ಕೆ ಒಂದು ಕಲಮನ್ನು ಗಟ್ಟಿಯಾಗಿ ಓದಿ, ಅದನ್ನು ಕನ್ನಡದಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ನಿಮ್ಮ ವಿಶ್ವವಿದ್ಯಾಲಯದಲ್ಲಿ ಅವಕಾಶವಿದೆಯೇ ಎಂದು ಕಚೇರಿಯಲ್ಲಿ ಕೇಳಿಕೊಳ್ಳಿ. ಇದ್ದರೂ, ಎಲ್ಲ ವಿಷಯಗಳನ್ನೂ ಹಾಗೆಯೇ ಬರೆದರೆ ಮುಂದೆ ಅರ್ಜಿ, ಮೆಮೊ ಬರೆಯುವಾಗ ಇಂಗ್ಲಿಷಿನ ಅಭ್ಯಾಸ ತಪ್ಪಿರುತ್ತದೆ ಎಂಬ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೀನಿಯರ್ ಕೊಟ್ಟ ಪುಸ್ತಕಗಳ ವಿಷಯ ಸರಳ. 1872ರ ಕರಾರು ಅಧಿನಿಯಮದ ಪುಸ್ತಕ ಕೆಲವು ವರ್ಷ ಹಳೆಯದಾಗಿದ್ದರೂ ನಡೆಯುತ್ತದೆ, ಅಪಕೃತ್ಯ (ಟಾರ್ಟ್) ಕಾನೂನಿನದೂ ಹಾಗೆಯೇ. ಆದರೆ 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಈ ಮೂರರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೆಯ ಕಲಂ ಈಗ 103, ಜನರ ಬಾಯಲ್ಲಿ ನಿಂತುಹೋದ 420 ಈಗ 318ರ ಒಳಗಿದೆ. ಈ ಮೂರಕ್ಕೆ ಹೊಸ ಬೇರ್ ಆಕ್ಟ್ ಕೊಳ್ಳಿ. ಹಳೆಯ ಪುಸ್ತಕ ಎಸೆಯಬೇಡಿ, ಏಕೆಂದರೆ ನೀವು ಓದುವ ತೀರ್ಪುಗಳೆಲ್ಲ ಇನ್ನೂ ಬಹುಕಾಲ ಹಳೆಯ ಸಂಖ್ಯೆಗಳಲ್ಲೇ ಮಾತನಾಡುತ್ತವೆ.

ಸಹಪಾಠಿಗಳ ಓಡಾಟದ ಬಗ್ಗೆ: ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) 2008ರ ಕಾನೂನು ಶಿಕ್ಷಣ ನಿಯಮಗಳು ಐದು ವರ್ಷದ ಪದವಿಗೆ ಒಟ್ಟು 20 ವಾರಗಳ ಇಂಟರ್ನ್‌ಶಿಪ್ ಕೇಳುತ್ತವೆ, ಅದೂ ಪೂರ್ತಿ ಅವಧಿಯಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಹಿರಿಯ ವಕೀಲರ ಕಚೇರಿಯಲ್ಲಿ ಕುಳಿತ ವಿದ್ಯಾರ್ಥಿ ಹೆಚ್ಚಾಗಿ ಮಾಡುವುದು ಕಡತ ಜೋಡಿಸುವ, ಜೆರಾಕ್ಸ್ ಮಾಡಿಸುವ ಕೆಲಸ. ಅದರಿಂದ ಹಾನಿಯಿಲ್ಲ, ಆದರೆ ಅದು ತಪ್ಪಿತೆಂದು ಕೊರಗಬೇಕಾದ್ದೂ ಇಲ್ಲ. ಮೂಟ್ ಕೋರ್ಟಿನಲ್ಲಿ ಈ ವರ್ಷ ವಾದಿಸುವ ಬದಲು ಸಂಶೋಧನೆಗೆ ಕೈಜೋಡಿಸಿ. ನ್ಯಾಯಾಲಯ ನೋಡುವ ಆಸೆಯಿದ್ದರೆ ಯಾರ ಪರಿಚಯವೂ ಬೇಕಿಲ್ಲ: ವಿಶೇಷವಾಗಿ ಮುಚ್ಚಿದ ವಿಚಾರಣೆಗಳನ್ನು ಬಿಟ್ಟರೆ ನ್ಯಾಯಾಲಯಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಸಿವಿಲ್ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಬೆಳಗ್ಗೆ ಪಾಟೀಸವಾಲು ಕೇಳಿದರೆ ಪುಸ್ತಕ ಕಲಿಸದ್ದು ತಿಳಿಯುತ್ತದೆ. ಮೊಬೈಲ್ ಮಾತ್ರ ಬಂದ್ ಮಾಡಿಟ್ಟುಕೊಳ್ಳಿ, ವಕೀಲರ ಬ್ಯಾಂಡ್ ಮತ್ತು ಗೌನು ಧರಿಸಬೇಡಿ, ಅದು ಸನ್ನದು (ವಕೀಲಿಕೆಯ ಪರವಾನಗಿ) ಪಡೆದವರಿಗೆ ಮಾತ್ರ. ಕರ್ನಾಟಕ ಹೈಕೋರ್ಟಿನ ಕಲಾಪದ ನೇರ ಪ್ರಸಾರವೂ ಇದೆ. ಅಂದಹಾಗೆ, ಇಂಥ ಪ್ರಸಾರಕ್ಕೆ ದಾರಿ ಮಾಡಿದ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಅರ್ಜಿದಾರರಲ್ಲಿ ಒಬ್ಬರು ಆಗ ಕಾನೂನು ವಿದ್ಯಾರ್ಥಿಯಾಗಿದ್ದರು.

ಹಾಜರಾತಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಅದೇ 2008ರ ನಿಯಮಗಳು ಪ್ರತಿ ವಿಷಯದಲ್ಲಿ ಶೇ 70 ಕೇಳುತ್ತವೆ; ಅಸಾಧಾರಣ ಕಾರಣವಿದ್ದು, ಆ ವಿಷಯದಲ್ಲಿ ಶೇ 65 ಮತ್ತು ಎಲ್ಲ ವಿಷಯಗಳು ಸೇರಿ ಶೇ 70 ಇದ್ದರೆ ಪ್ರಾಂಶುಪಾಲರು ಅವಕಾಶ ಕೊಡಬಹುದು. ಈ ನಿಯಮದ ಕಾಠಿಣ್ಯ ನ್ಯಾಯಾಲಯಗಳ ಮುಂದೆಯೂ ಚರ್ಚೆಗೆ ಬಂದಿದೆ, ಆದರೆ ಆ ಚರ್ಚೆಯನ್ನು ನಂಬಿ ತರಗತಿ ತಪ್ಪಿಸುವುದು ಜಾಣತನವಲ್ಲ. ಜ್ವರಕ್ಕೆ ಚಿಕಿತ್ಸೆ ಪಡೆದ ವೈದ್ಯರ ಚೀಟಿಯನ್ನು ಒಂದು ಅರ್ಜಿಯ ಜೊತೆ ಈ ವಾರವೇ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ವಾರ ತಂದ ಪ್ರಮಾಣಪತ್ರವನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.

ಈಗ ಪಿ.ಜಿ. ಅಡ್ವಾನ್ಸ್. ಉತ್ತರ ಗೊತ್ತಿಲ್ಲವೆಂದು ನಾಚಿಕೆಪಡಬೇಕಿಲ್ಲ, ಏಕೆಂದರೆ ನೀವು ಅದನ್ನು ಓದುವುದು ಇದೇ ವರ್ಷ. ನಿಮಗೆ 18 ತುಂಬಿದ್ದರೆ ನೀವು ಮಾಡಿಕೊಂಡ ಕರಾರು ನಿಮ್ಮನ್ನು ಕಟ್ಟುತ್ತದೆ. ತುಂಬಿರದಿದ್ದರೆ, 1903ರ ಮೊಹೋರಿ ಬೀಬಿ ಪ್ರಕರಣದಿಂದ ಈಚೆಗೆ, ಅಪ್ರಾಪ್ತರ ಕರಾರು ಆರಂಭದಿಂದಲೇ ಶೂನ್ಯ. ಕರಾರು ಮುರಿದರೆ ಇಷ್ಟು ಹಣ ಮುಟ್ಟುಗೋಲು ಎಂದು ಬರೆದಿದ್ದರೂ, ಕರಾರು ಅಧಿನಿಯಮದ 74ನೆಯ ಕಲಮಿನ ಪ್ರಕಾರ ಮಾಲೀಕರಿಗೆ ಸಿಗಬೇಕಾದದ್ದು ಆ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರ ಮಾತ್ರ. ನಷ್ಟವೇ ಆಗದಿದ್ದರೆ ಹಣ ಉಳಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಇದನ್ನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಮೊದಲು ರಸೀದಿಯಲ್ಲಿ ಅಥವಾ ಸೇರುವಾಗ ಸಹಿ ಮಾಡಿದ ಕಾಗದದಲ್ಲಿ ಎಷ್ಟು ದಿನದ ನೋಟಿಸು ಎಂದಿದೆ ನೋಡಿ. ಅಷ್ಟು ದಿನ ಮೊದಲು ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ, ಲಿಖಿತವಾಗಿ ತಿಳಿಸಿ. ಕೋಣೆಯ ಸ್ಥಿತಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂಬ ಪ್ರಸ್ತಾವಕ್ಕೆ ಹೆಚ್ಚಿನ ಮಾಲೀಕರು ಒಪ್ಪುತ್ತಾರೆ, ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಊಟ ವಸತಿಯ ಸೇವೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದೊಳಗೂ ಬರುತ್ತದೆ, 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ ದೂರು ತಿಂಗಳುಗಟ್ಟಲೆ ಎಳೆಯಬಹುದು, ಅಷ್ಟರಲ್ಲಿ ನಿಮ್ಮ ಪರೀಕ್ಷೆ ಬರುತ್ತದೆ. ಹಣ ಸಣ್ಣದಾಗಿದ್ದರೆ ಅದನ್ನು ಬಿಟ್ಟು ಹೊರಡುವುದೂ ಒಂದು ಆಯ್ಕೆಯೇ, ಅದರಲ್ಲಿ ಸೋಲೇನಿಲ್ಲ.

ನಿದ್ದೆಯ ಬಗ್ಗೆ ನಾನು ವೈದ್ಯನಂತೆ ಮಾತನಾಡಲಾರೆ. ವಾರಗಟ್ಟಲೆ ನಿದ್ದೆ ಬಾರದಿರುವುದು ಓದಿನ ವೇಗವನ್ನು ಕುಗ್ಗಿಸುತ್ತದೆ, ಕುಗ್ಗಿದ ವೇಗ ಚಿಂತೆಯನ್ನು ಹೆಚ್ಚಿಸುತ್ತದೆ ಎಂಬಷ್ಟು ಮಾತ್ರ ಹೇಳಬಲ್ಲೆ. ತೀರ್ಪು ಮುಗಿಯಲಿಲ್ಲವೆಂದು ರಾತ್ರಿ ಎದ್ದು ಕೂರುವುದನ್ನು ಇವತ್ತೇ ನಿಲ್ಲಿಸಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನೀವು ಪತ್ರದಲ್ಲಿ ಬರೆಯದ ಒಂದು ಸಾಧ್ಯತೆಯನ್ನೂ ಕೇಳಲೇಬೇಕು: ಕಾಲೇಜಿನ ಆವರಣದಲ್ಲಿ ಅಥವಾ ತರಗತಿಯಲ್ಲಿ ಯಾರಾದರೂ ನಿಮ್ಮ ಭಾಷೆಯನ್ನೋ ಊರನ್ನೋ ಹಿಡಿದು ಸತತವಾಗಿ ಗೇಲಿ ಮಾಡುತ್ತಿದ್ದರೆ ಅದು ತಮಾಷೆಯ ಮಿತಿ ದಾಟಿದ್ದು, ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. 1800-180-5522 ಸಂಖ್ಯೆಗೆ ದೂರು ಕೊಡಬಹುದು.

ಕೊನೆಯದಾಗಿ, ಬಿಟ್ಟುಹೋಗುವ ಪ್ರಶ್ನೆ. ಮೂರು ವರ್ಷದ ಪದವಿ ಕಡಿಮೆ ದರ್ಜೆಯದು ಎಂಬುದು ಸುಳ್ಳು. ಸನ್ನದು ಎರಡಕ್ಕೂ ಒಂದೇ, ಬಿ.ಎ. ಮುಗಿಸಿ ಸ್ವಲ್ಪ ಪ್ರೌಢರಾಗಿ ಬಂದವರು ತೀರ್ಪುಗಳನ್ನು ಬೇಗ ಹಿಡಿಯುವುದನ್ನೂ ನೋಡಿದ್ದೇನೆ. ನೀವು ಹೇಳಿದ ದಾರಿ ಅವಿವೇಕದ್ದಲ್ಲ. ಆದರೆ ಅದರ ಲೆಕ್ಕ ತಿಳಿದಿರಲಿ: ಈ ವರ್ಷ ಕಳೆದು, ಮೂರು ವರ್ಷದ ಬಿ.ಎ., ಮೂರು ವರ್ಷದ ಎಲ್‌ಎಲ್‌.ಬಿ. ಸೇರಿ ಒಟ್ಟು ಏಳು ವರ್ಷವಾಗುತ್ತದೆ, ಬಿ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 45 ಅಂಕ ಬೇಕು. ಇನ್ನೊಂದು ತಪ್ಪು ತಿಳಿವಳಿಕೆ, ಮೂರನೆಯ ವರ್ಷದವರೆಗೆ ಓದಿ ಬಿ.ಎ. ಪದವಿ ಪಡೆದು ಹೊರಬರಬಹುದು ಎಂಬುದು. 2008ರ ನಿಯಮಗಳು ಬಿ.ಎ. ಮತ್ತು ಕಾನೂನು ಸೇರಿದ ಈ ಐದು ವರ್ಷದ ಜೋಡಿ ಪದವಿಯನ್ನು ಹಾಗೆ ನಡುವೆ ಮುರಿಯುವುದನ್ನು ನಿಷೇಧಿಸಿವೆ. ಬಿಡುವುದಿದ್ದರೆ ಬೇಗ ಬಿಡುವುದು ಮೇಲು ಎಂದು ಇದರಿಂದ ಅನಿಸಬಹುದು, ಆದರೂ ನನ್ನ ಅಭಿಪ್ರಾಯದಲ್ಲಿ ಮೊದಲ ಸೆಮಿಸ್ಟರಿನ ಪರೀಕ್ಷೆ ಬರೆದು ಫಲಿತಾಂಶ ನೋಡದೆ ತೀರ್ಮಾನಿಸಬಾರದು. ಈಗ ನಿಮ್ಮ ಮುಂದಿರುವ ಸಾಕ್ಷ್ಯ ಕೆಲವು ಆಯಾಸದ ಸಂಜೆಗಳದ್ದು ಮಾತ್ರ. ಊರಿಗೆ ಹತ್ತಿರದ ಕಾನೂನು ಕಾಲೇಜಿಗೆ ಎರಡನೆಯ ವರ್ಷಕ್ಕೆ ವರ್ಗಾವಣೆ ಪಡೆಯುವುದು ಮೂರನೆಯ ದಾರಿ. ಅದೇ ವಿಶ್ವವಿದ್ಯಾಲಯದ ವ್ಯಾಪ್ತಿಯೊಳಗಾದರೆ ಸುಲಭ, ಬೇರೆಯದಾದರೆ ಪಠ್ಯಕ್ರಮದ ಸಾಮ್ಯ ನೋಡುತ್ತಾರೆ. ಇದರಲ್ಲಿ ಯಾವುದನ್ನು ಆರಿಸಿಕೊಂಡರೂ ಟಿ.ಸಿ.ಗೆ ಅರ್ಜಿ ಕೊಡುವ ಮೊದಲು, ಕಟ್ಟಿದ ಶುಲ್ಕದಲ್ಲಿ ಎಷ್ಟು ಮರಳುತ್ತದೆ, ಮೂಲ ಅಂಕಪಟ್ಟಿಗಳು ಯಾವಾಗ ಕೈಗೆ ಬರುತ್ತವೆ, ಮನಸ್ಸು ಬದಲಾದರೆ ಮರುಪ್ರವೇಶಕ್ಕೆ ಅವಕಾಶವಿದೆಯೇ ಎಂದು ಕಾಲೇಜಿನ ಕಚೇರಿಯನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.